ಸಿಂಗಾಪುರದಿಂದ ಕೌಲಾಲಂಪುರಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಾಪುರ–ಮಲೇಷ್ಯಾ ಟ್ರಿಪ್ ಹಾಕಿಕೊಂಡ ನೆಂಟರು, ಸ್ನೇಹಿತರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ. "ಒಂದು ಗಂಟೆ ಅಂತೆ, ಹೌದಾ?" ಹೌದು, ವಿಮಾನ ಒಂದು ಗಂಟೆಯೇ. ಆದರೆ ಆ ಒಂದು ಗಂಟೆ ನಂಬಿಕೊಂಡು ದಿನದ ಲೆಕ್ಕ ಹಾಕಿದವರು ಮಧ್ಯಾಹ್ನದ ಊಟ ತಪ್ಪಿಸಿಕೊಂಡಿದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಸಿಂಗಾಪುರದಲ್ಲಿದ್ದ ವರ್ಷಗಳಲ್ಲಿ ಈ ದಾರಿಯಲ್ಲಿ ವಿಮಾನದಲ್ಲೂ ಹೋಗಿದ್ದೇನೆ, ಬಸ್ಸಲ್ಲೂ ಹೋಗಿದ್ದೇನೆ. ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಎರಡು ಊರಿನ ನಡುವೆ ಸರಿಯಾಗಿ ಎಷ್ಟು ಕಿಲೋಮೀಟರ್?

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ಕೌಲಾಲಂಪುರದ ಕೆಎಲ್‌ಐಎ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 297 ಕಿ.ಮೀ. ಮೈಲಿ ಲೆಕ್ಕದಲ್ಲಿ 184, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 160. ಕೆಲವು ಕಡೆ 315 ಅಂತ ತೋರಿಸುತ್ತದೆ. ಅದೂ ತಪ್ಪಲ್ಲ, ಅದು ಊರಿನ ನಡುಮಧ್ಯದಿಂದ ಊರಿನ ನಡುಮಧ್ಯಕ್ಕೆ. ರಸ್ತೆಯಲ್ಲಿ ಹೋದರೆ ಸುಮಾರು 350 ಕಿ.ಮೀ.

ನಮ್ಮ ಕಡೆಯವರಿಗೆ ಸುಲಭವಾಗಿ ಹೇಳಬೇಕು ಅಂದರೆ, ಇದು ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟೇ. ದೇವನಹಳ್ಳಿಯಿಂದ ಬಜಪೆಗೆ ಆಕಾಶದಲ್ಲಿ 300 ಕಿ.ಮೀ. ಆಸುಪಾಸು, ರಸ್ತೆಯಲ್ಲಿ 350. ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಶಿರಾಡಿ ಘಾಟಿ ಇಲ್ಲ, ಬದಲಿಗೆ ಒಂದು ದೇಶದ ಗಡಿ ಇದೆ. ಕೆಲವು ದಿನ ಆ ಗಡಿಯೇ ಘಾಟಿಗಿಂತ ಜಾಸ್ತಿ ಹೊತ್ತು ತಿನ್ನುತ್ತದೆ.

ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ಟಿಕೆಟ್ಟಿನಲ್ಲಿ ಒಂದು ಗಂಟೆ ಐದು ನಿಮಿಷದಿಂದ ಒಂದು ಗಂಟೆ ಹದಿನೈದು ನಿಮಿಷದವರೆಗೆ ಬರೆದಿರುತ್ತದೆ. ನಿಜವಾಗಿ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ತನಕ ಬರೀ 40–45 ನಿಮಿಷ.

ಹಾರುವುದು 40 ನಿಮಿಷ ಆದರೆ ಟಿಕೆಟ್ಟಿನಲ್ಲಿ ಒಂದು ಗಂಟೆ ಮೇಲೆ ಯಾಕೆ ಬರೆಯುತ್ತಾರೆ?

ಟಿಕೆಟ್ಟಿನಲ್ಲಿ ಬರೆಯುವುದು ಹಾರುವ ಹೊತ್ತನ್ನಲ್ಲ. ಇಲ್ಲಿ ಗೇಟು ಬಿಟ್ಟ ಕ್ಷಣದಿಂದ ಅಲ್ಲಿ ಗೇಟಿಗೆ ಹೋಗಿ ನಿಲ್ಲುವ ತನಕದ ಹೊತ್ತು. ಬ್ಲಾಕ್ ಟೈಮ್ ಅನ್ನುತ್ತಾರೆ. ಚಾಂಗಿಯಲ್ಲಿ ಬೆಳಗ್ಗೆ ರನ್‌ವೇ ಮುಂದೆ ವಿಮಾನಗಳ ಸಾಲು ಇರುತ್ತದೆ, ಗೇಟು ಬಿಟ್ಟು ಹದಿನೈದು ನಿಮಿಷ ಉರುಳಿದರೂ ಆಶ್ಚರ್ಯ ಇಲ್ಲ. ಆ ಕಡೆ ಕೆಎಲ್‌ಐಎ ತುಂಬಾ ದೊಡ್ಡ ಜಾಗ, ಇಳಿದ ಮೇಲೂ ಗೇಟು ತಲುಪುವುದಕ್ಕೆ ಹೊತ್ತಾಗುತ್ತದೆ.

ಇನ್ನೊಂದು, ಇಷ್ಟು ಹತ್ತಿರದ ಊರಿಗೆ ವಿಮಾನ ಪೂರ್ತಿ ವೇಗ ಹಿಡಿಯುವುದೇ ಇಲ್ಲ ಅನ್ನಬಹುದು. ದೂರದ ವಿಮಾನಗಳಂತೆ 35,000 ಅಡಿಗೆ ಏರುವುದಿಲ್ಲ, ಇಪ್ಪತ್ತು ಸಾವಿರ ಚಿಲ್ಲರೆ ಅಡಿಗೆ ಹೋಗಿ ಸ್ವಲ್ಪ ಹೊತ್ತಿಗೇ ಇಳಿಯಲು ಶುರು. ಸೀಟ್‌ಬೆಲ್ಟ್ ದೀಪ ಆರಿದ ಕೂಡಲೇ ಶೌಚಾಲಯಕ್ಕೆ ಹೋಗಿ ಬಂದುಬಿಡಿ, ಮತ್ತೆ ಹೊತ್ತಿಕೊಳ್ಳಲು ಜಾಸ್ತಿ ಸಮಯ ಇರುವುದಿಲ್ಲ. ಮಕ್ಕಳಿದ್ದವರು ಇದನ್ನು ನೆನಪಿಡಿ.

ಹಾಗಾದರೆ ಮನೆ ಬಿಟ್ಟು ಹೋಟೆಲ್ ಸೇರುವ ತನಕ ಒಟ್ಟು ಎಷ್ಟು ಹೊತ್ತು?

ಕೇಳಬೇಕಾದ ಪ್ರಶ್ನೆ ಇದೇ. ಸುಮಾರು ಐದೂಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಸುಮ್ನೆ ಹೆದರಿಸುತ್ತಿಲ್ಲ, ಲೆಕ್ಕ ನೋಡಿ.

ನೀವು ಲಿಟ್ಲ್ ಇಂಡಿಯಾ ಪಕ್ಕದ ಹೋಟೆಲಿನಲ್ಲಿದ್ದೀರಿ, ವಿಮಾನ ಬೆಳಗ್ಗೆ 9ಕ್ಕೆ ಅಂದುಕೊಳ್ಳಿ. 6:30ಕ್ಕೆ ಟ್ಯಾಕ್ಸಿ ಹತ್ತಿದರೆ 7ಕ್ಕೆ ಚಾಂಗಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಹಾಗಾಗಿ ಎರಡು ಗಂಟೆ ಮುಂಚೆ ಹೋಗುವುದು ಕ್ಷೇಮ. 9ಕ್ಕೆ ಹೊರಟು 10:10ಕ್ಕೆ ಕೆಎಲ್‌ಐಎ ಗೇಟು. ನಡೆದುಕೊಂಡು ಹೋಗಿ ಇಮಿಗ್ರೇಷನ್ ಸಾಲಿನಲ್ಲಿ ನಿಂತು, ಬ್ಯಾಗ್ ತೆಗೆದುಕೊಂಡು ಹೊರಗೆ ಬರುವಾಗ 11. ರೈಲಿಗೆ ಟಿಕೆಟ್ ತೆಗೆದು, ಹತ್ತು ಹದಿನೈದು ನಿಮಿಷ ಕಾದು, ಊರಿನ ಮುಖ್ಯ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್ ಮುಟ್ಟುವಾಗ 11:45. ಅಲ್ಲಿಂದ ಪೆಟ್ರೋನಾಸ್ ಗೋಪುರಗಳ ಕಡೆ ಹೋಟೆಲ್ ಇದ್ದರೆ ಇನ್ನೂ ಅರ್ಧ ಗಂಟೆ. 12:15 ಆಯಿತು ಅಲ್ವಾ?

ಇದರಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ ಮಾತ್ರ. ಉಳಿದ ಐದು ಗಂಟೆ ನೆಲದ ಮೇಲೆ. ಹಾಗಾಗಿ ಹೊತ್ತು ಉಳಿಸಬೇಕು ಅಂದರೆ ಯಾವ ವಿಮಾನ ಬೇಗ ಹೋಗುತ್ತದೆ ಅಂತ ಹುಡುಕಬೇಡಿ, ಎಲ್ಲವೂ ಒಂದೇ. ನೆಲದ ಮೇಲಿನ ಹೊತ್ತು ಕಡಿಮೆ ಮಾಡಿ. ಬರೀ ಕೈಚೀಲದಲ್ಲಿ ಹೋದರೆ, ಮೊದಲೇ ಆನ್‌ಲೈನ್ ಚೆಕ್‌ಇನ್ ಮಾಡಿಕೊಂಡರೆ, ವಿಮಾನದಲ್ಲಿ ಮುಂದಿನ ಸಾಲಿನ ಸೀಟು ಸಿಕ್ಕರೆ ಒಂದು ಗಂಟೆ ಪೂರ್ತಿ ಉಳಿಯುತ್ತದೆ. ಮುಂದಿನ ಸೀಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಬೇಗ ಇಳಿದವರು ಇಮಿಗ್ರೇಷನ್ ಸಾಲಿನಲ್ಲಿ ಮುಂದೆ ಇರುತ್ತಾರೆ. ಪಕ್ಕದ ಗೇಟಿಗೆ ಇನ್ನೊಂದು ದೊಡ್ಡ ವಿಮಾನ ಬಂದು ಮುನ್ನೂರು ಜನ ಒಟ್ಟಿಗೇ ಇಳಿದರೆ, ಎರಡೇ ನಿಮಿಷ ಹಿಂದೆ ಬಿದ್ದವರು ಅರ್ಧ ಗಂಟೆ ಜಾಸ್ತಿ ನಿಲ್ಲಬೇಕಾಗುತ್ತದೆ.

ಕೆಎಲ್‌ಐಎ ಊರಿಂದ ಅಷ್ಟೊಂದು ದೂರ ಇದೆಯಾ?

ಇದೆ. ಅದು ಇರುವುದು ಸೆಪಾಂಗ್‌ನಲ್ಲಿ, ಊರಿಂದ ದಕ್ಷಿಣಕ್ಕೆ 55–60 ಕಿ.ಮೀ. ದೇವನಹಳ್ಳಿಯೇ ದೂರ ಅನ್ನುವ ಬೆಂಗಳೂರಿನವರು ಇದಕ್ಕೆ ಸಿದ್ಧರಾಗಿರಬೇಕು. 1998ರಲ್ಲಿ ಶುರುವಾದ ನಿಲ್ದಾಣ, ಸುತ್ತ ಎಲ್ಲಿ ನೋಡಿದರೂ ಎಣ್ಣೆತಾಳೆ ತೋಟ. ಊರಿಗೆ ಹೋಗಲು ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಇದೆ. ಟರ್ಮಿನಲ್ 1ರಿಂದ ಕೆಎಲ್ ಸೆಂಟ್ರಲ್‌ಗೆ 28 ನಿಮಿಷ, ಟರ್ಮಿನಲ್ 2ರಿಂದ 33 ನಿಮಿಷ, ಮಧ್ಯೆ ಎಲ್ಲೂ ಟ್ರಾಫಿಕ್ ಕಾಟ ಇಲ್ಲ. ಒಬ್ಬರು ಇಬ್ಬರಾದರೆ ರೈಲು ಸರಿ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಅಂದರೆ ಗ್ರ್ಯಾಬ್ ಕಾರು (ನಮ್ಮ ಓಲಾ, ಊಬರ್ ತರಹದ್ದು) ಅಗ್ಗ ಬೀಳುತ್ತದೆ, ಒಂದು ಗಂಟೆ ಹಿಡಿಯುತ್ತದೆ ಅಷ್ಟೇ.

ಟರ್ಮಿನಲ್ ಯಾವುದು ಅಂತ ಟಿಕೆಟ್ಟಿನಲ್ಲಿ ಮೊದಲೇ ನೋಡಿಕೊಳ್ಳಿ. ಮಲೇಷ್ಯಾ ಏರ್‌ಲೈನ್ಸ್, ಸಿಂಗಾಪುರ ಏರ್‌ಲೈನ್ಸ್ ಬರುವುದು ಟರ್ಮಿನಲ್ 1ಕ್ಕೆ, ಏರ್‌ಏಷ್ಯಾ ಟರ್ಮಿನಲ್ 2ಕ್ಕೆ. ಹಿಂದೆ ಇದನ್ನೇ ಕೆಎಲ್‌ಐಎ 2 ಅನ್ನುತ್ತಿದ್ದರು. ಎರಡರ ನಡುವೆ ನಡೆದು ಹೋಗಲು ಆಗುವುದಿಲ್ಲ, ರೈಲೋ ಬಸ್ಸೋ ಹತ್ತಬೇಕು. ಚಾಂಗಿಯಲ್ಲೂ ಇದೇ ಕಥೆ. ಟರ್ಮಿನಲ್ 1, 2, 3 ಒಂದಕ್ಕೊಂದು ಅಂಟಿಕೊಂಡಿವೆ, ಟರ್ಮಿನಲ್ 4 ಮಾತ್ರ ಬೇರೆ ಕಡೆ, ಅಲ್ಲಿಗೆ ಶಟಲ್ ಬಸ್ಸು ಹಿಡಿಯಬೇಕು. ಮೆಟ್ರೊದಲ್ಲಿ ಬಂದವರು ಟರ್ಮಿನಲ್ 4ಕ್ಕೆ ಹೋಗಬೇಕಿದ್ದರೆ ಇಪ್ಪತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಊರಿಗೆ ಹತ್ತಿರ ಸುಬಾಂಗ್ ಅಂತ ಹಳೆಯ ವಿಮಾನ ನಿಲ್ದಾಣವೂ ಇದೆ. ಸಿಂಗಾಪುರದಿಂದ ಅಲ್ಲಿಗೂ ವಿಮಾನಗಳು ಹೋಗಿವೆ, ಆದರೆ ಕಡಿಮೆ, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ. ನಿಮ್ಮ ದಿನಕ್ಕೆ ಸಿಕ್ಕರೆ ತೆಗೆದುಕೊಳ್ಳಿ, ದಾರಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬಸ್ಸಾ, ವಿಮಾನವಾ? ನಿಮ್ಮ ಅಭಿಪ್ರಾಯ ಹೇಳಿ.

ವಾರದ ನಡುವಿನ ದಿನ, ಹಗಲು ಹೊತ್ತು, ಸಾಮಾನು ಜಾಸ್ತಿ ಇದೆ ಅಂದರೆ ಬಸ್ಸು. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಹಬ್ಬದ ರಜೆ ಅಂದರೆ ಕಣ್ಣು ಮುಚ್ಚಿ ವಿಮಾನ.

ಬಸ್ಸು ಐದರಿಂದ ಆರು ಗಂಟೆ ತೆಗೆದುಕೊಳ್ಳುತ್ತದೆ. ಸಿಂಗಾಪುರದ ಬೀಚ್ ರೋಡ್ ಕಡೆಯಿಂದ ಬೆಳಗ್ಗೆ 7ಕ್ಕೆ ಹೊರಟರೆ ಮಧ್ಯಾಹ್ನ 12:30–1ಕ್ಕೆ ಕೌಲಾಲಂಪುರದ ಟಿಬಿಎಸ್ ಬಸ್ ನಿಲ್ದಾಣ, ಅಲ್ಲಿಂದ ರೈಲಿನಲ್ಲಿ ಊರೊಳಗೆ. ಮೇಲೆ ಹೇಳಿದ ವಿಮಾನದ ಲೆಕ್ಕದ ಜೊತೆ ಇಟ್ಟು ನೋಡಿ, ವ್ಯತ್ಯಾಸ ಒಂದೋ ಒಂದೂವರೆಯೋ ಗಂಟೆ. ಸೀಟು ಅಗಲ, ಒಂದು ಕಡೆ ಎರಡು ಇನ್ನೊಂದು ಕಡೆ ಒಂದು ಇರುವ ಬಸ್ಸುಗಳಿವೆ, ಕಾಲು ಚಾಚಬಹುದು. ಹೆದ್ದಾರಿ ಚೆನ್ನಾಗಿದೆ, ಮೈ ಅಲುಗಾಡುವುದಿಲ್ಲ.

ಆದರೆ ಗಡಿಯಲ್ಲಿ ಎರಡು ಸಲ ಇಳಿಯಬೇಕು. ಒಂದು ದೇಶ ಬಿಡುವಾಗ ಒಮ್ಮೆ, ಇನ್ನೊಂದು ದೇಶ ಸೇರುವಾಗ ಒಮ್ಮೆ. ಎರಡನೇ ಸಲ ಬ್ಯಾಗುಗಳನ್ನೆಲ್ಲ ಇಳಿಸಿಕೊಂಡು ಎಕ್ಸ್‌ರೇಗೆ ಹಾಕಬೇಕು. ವಯಸ್ಸಾದವರಿಗೆ ಇದು ಕಷ್ಟ.

ಒಮ್ಮೆ ಅಮ್ಮನನ್ನು ಕರೆದುಕೊಂಡು ಭಾನುವಾರ ಸಂಜೆ ಬಸ್ಸಿನಲ್ಲಿ ಕೌಲಾಲಂಪುರದಿಂದ ವಾಪಸ್ ಬರುತ್ತಿದ್ದೆ. ತುವಾಸ್ ಗಡಿಯಲ್ಲಿ ಸಾಲು ಮುಗಿಯುವಂತೆಯೇ ಕಾಣಲಿಲ್ಲ. ಅಮ್ಮನ ಕೈಯಲ್ಲಿ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕಟ್ಟಿಸಿಕೊಂಡ ಇಡ್ಲಿ ಪೊಟ್ಟಣ, ಬಾಳೆಲೆ ಬೆವರಿ ಕಾಗದ ಒದ್ದೆಯಾಗಿತ್ತು. ನಾವು ಆಚೆ ಬಂದು ನೋಡಿದರೆ ನಮ್ಮ ಬಸ್ಸು ಹೊರಟು ಹೋಗಿತ್ತು. ಇಂತಿಷ್ಟೇ ಹೊತ್ತು ಕಾಯುವುದು ಅಂತ ಅವರ ನಿಯಮವಂತೆ, ಅದನ್ನು ಹತ್ತುವಾಗ ಯಾರೂ ಹೇಳಿರಲಿಲ್ಲ. ಅದೇ ಕಂಪನಿಯ ಮುಂದಿನ ಬಸ್ಸು ಬರುವ ತನಕ ಅಮ್ಮ ಸೂಟ್‌ಕೇಸಿನ ಮೇಲೆ ಕೂತಿದ್ದರು. ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಮೊಣಕಾಲು ನೀವಿಕೊಳ್ಳುತ್ತಿದ್ದರು. ಆವತ್ತಿನಿಂದ ದೊಡ್ಡವರನ್ನು ಕರೆದುಕೊಂಡು ಹೋಗುವವರಿಗೆ ನಾನು ಬಸ್ಸು ಹೇಳುವುದಿಲ್ಲ. ಬಸ್ಸಲ್ಲೇ ಹೋಗುತ್ತೀರಿ ಅಂದರೆ ಬಸ್ಸಿನ ನಂಬರ್ ಪ್ಲೇಟ್ ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ಹೊತ್ತು ಕಾಯುತ್ತೀರಿ ಅಂತ ಡ್ರೈವರನ್ನೇ ಕೇಳಿ.

ರೈಲು ಇಲ್ವಾ?

ಒಂದೇ ರೈಲಿನಲ್ಲಿ ಹೋಗಲು ಆಗುವುದಿಲ್ಲ. ಮೊದಲು ಸಿಂಗಾಪುರದ ತಂಜೊಂಗ್ ಪಗಾರ್ ನಿಲ್ದಾಣದಿಂದ ಮಲೇಷ್ಯಾದ ರೈಲು ಹೊರಡುತ್ತಿತ್ತು, 2011ರಲ್ಲಿ ಅದು ನಿಂತಿತು. ಈಗ ವುಡ್‌ಲ್ಯಾಂಡ್ಸ್‌ನಿಂದ ಗಡಿಯಾಚೆಯ ಜೋಹೊರ್ ಬಾರುವಿಗೆ ಐದು ನಿಮಿಷದ ಶಟಲ್ ರೈಲು, ಅಲ್ಲಿ ಇಳಿದು ಮತ್ತೊಂದು ರೈಲು ಹತ್ತಬೇಕು. ರೈಲು ಅಂದರೆ ಪ್ರೀತಿ ಇರುವವರು ಹೋಗಬಹುದು.

ಬುಲೆಟ್ ರೈಲಿನ ಕಥೆ ಕೇಳಿದರೆ ಮನಸ್ಸಿಗೆ ಬೇಜಾರಾಗುತ್ತದೆ. 350 ಕಿ.ಮೀ. ಹಳಿ ಹಾಕಿ 90 ನಿಮಿಷದಲ್ಲಿ ಊರಿಂದ ಊರಿಗೆ ಮುಟ್ಟಿಸುತ್ತೇವೆ ಅಂತ ಎರಡೂ ದೇಶ 2016ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆಮೇಲೆ ಮುಂದೂಡಿದರು, ಮತ್ತೆ ಮುಂದೂಡಿದರು, ಕೊನೆಗೆ 2021ರ ಜನವರಿ 1ರಂದು ಯೋಜನೆ ಕೈಬಿಟ್ಟಿದ್ದೇವೆ ಅಂತ ಹೇಳಿದರು. ಆಗಿದ್ದರೆ ಈ ಪ್ರಶ್ನೆಗಳಲ್ಲಿ ಅರ್ಧ ಬೇಕಾಗಿರಲಿಲ್ಲ.

ಇಷ್ಟು ಹತ್ತಿರದ ಊರುಗಳಿಗೆ ಅಷ್ಟೊಂದು ವಿಮಾನ ಯಾಕೆ?

ಎರಡೂ ಊರಿನ ನಡುವೆ ನೆಂಟಸ್ತನ, ವ್ಯಾಪಾರ ಎಲ್ಲ ಹಳೆಯದು. ಮಲಯನ್ ಏರ್‌ವೇಸ್ ತನ್ನ ಮೊದಲ ವಾಣಿಜ್ಯ ಹಾರಾಟ ಮಾಡಿದ್ದೇ ಈ ದಾರಿಯಲ್ಲಿ, 1947ರ ಮೇ 1ರಂದು, ಎರಡು ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಐದು ಜನರನ್ನು ಕೂರಿಸಿಕೊಂಡು. 1965ರಲ್ಲಿ ಸಿಂಗಾಪುರ ಮಲೇಷ್ಯಾದಿಂದ ಬೇರೆಯಾಯಿತು, ಆದರೂ ವಿಮಾನ ಕಂಪನಿ ಕೆಲವು ವರ್ಷ ಒಟ್ಟಿಗೇ ಇತ್ತು. 1972ರಲ್ಲಿ ಅದೂ ಪಾಲಾಗಿ ಎರಡು ಕಂಪನಿಗಳಾದವು. ಸಿಂಗಾಪುರ ಏರ್‌ಲೈನ್ಸ್ ಹುಟ್ಟಿದ್ದು ಹಾಗೆ.

2008ರ ತನಕ ಈ ದಾರಿ ಹೆಚ್ಚುಕಮ್ಮಿ ಆ ಎರಡು ಕಂಪನಿಗಳ ಕೈಯಲ್ಲೇ ಇತ್ತು, ಟಿಕೆಟ್ ದುಬಾರಿ. ಆ ವರ್ಷ ಕಡಿಮೆ ದರದ ವಿಮಾನಗಳಿಗೂ ಬಾಗಿಲು ತೆರೆದರು. 2023ರಲ್ಲಿ ಸೀಟುಗಳ ಲೆಕ್ಕದಲ್ಲಿ ಇದು ಜಗತ್ತಿನಲ್ಲೇ ಎಲ್ಲಕ್ಕಿಂತ ಹೆಚ್ಚು ಓಡಾಟದ ಅಂತಾರಾಷ್ಟ್ರೀಯ ದಾರಿಯಾಗಿತ್ತು. ನಮಗೆ ಇದರಿಂದ ಏನು ಲಾಭ ಅಂದರೆ, ಒಂದು ವಿಮಾನ ತಪ್ಪಿದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಇರುತ್ತದೆ. ಟಿಕೆಟ್ ದುಡ್ಡು ಮಾತ್ರ ಮತ್ತೆ ಕೊಡಬೇಕಾದೀತು.

ಎರಡು ಊರಿನ ಗಡಿಯಾರದಲ್ಲಿ ವ್ಯತ್ಯಾಸ ಇದೆಯಾ?

ಇಲ್ಲ. ಎರಡೂ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. 1981ರ ಕೊನೆಯ ತನಕ ಈಗಿನದಕ್ಕಿಂತ ಅರ್ಧ ಗಂಟೆ ಹಿಂದೆ ಇದ್ದವು. ಮಲೇಷ್ಯಾ ತನ್ನ ಪೂರ್ವ ಭಾಗದ ಸಬಾ, ಸರವಾಕ್ ಜೊತೆ ಒಂದೇ ಸಮಯ ಇರಲಿ ಅಂತ 1982ರ ಜನವರಿ 1ರಿಂದ ಗಡಿಯಾರ ಅರ್ಧ ಗಂಟೆ ಮುಂದಿಟ್ಟಿತು, ಸಿಂಗಾಪುರವೂ ಜೊತೆಗೇ ಇಟ್ಟಿತು. ಅದಕ್ಕೇ ಇಲ್ಲಿ ಬೆಳಗ್ಗೆ 7 ಆದರೂ ಸೂರ್ಯ ಈಗಷ್ಟೇ ಎದ್ದಿರುತ್ತಾನೆ.

ಯಾವ ಹೊತ್ತಿನ ವಿಮಾನ ಒಳ್ಳೆಯದು?

ಬೆಳಗ್ಗೆ 8ರಿಂದ 11ರೊಳಗಿನದು. ಮಧ್ಯಾಹ್ನ ಮೂರರ ಮೇಲೆ ಕೌಲಾಲಂಪುರದ ಕಡೆ ಗುಡುಗು ಮಳೆ ಸಾಮಾನ್ಯ. ಇಪ್ಪತ್ತು ನಿಮಿಷ ಆಕಾಶದಲ್ಲೇ ಸುತ್ತಿಸುತ್ತಾರೆ, ವಿಮಾನ ಚೆನ್ನಾಗಿ ಕುಲುಕುತ್ತದೆ. ಏಪ್ರಿಲ್‌ನಿಂದ ನವೆಂಬರ್ ತನಕ ಕೆಲವು ದಿನ ನಸುಕಿನಲ್ಲೂ ಸುಮಾತ್ರಾ ಕಡೆಯಿಂದ ಬಿರುಗಾಳಿ ಮಳೆ ನುಗ್ಗುತ್ತದೆ, ಆಗ ತೀರಾ ಬೆಳಗಿನ ವಿಮಾನಗಳು ತಡವಾಗುತ್ತವೆ. ಚೀನೀ ಹೊಸ ವರ್ಷ, ಹರಿ ರಾಯ (ಈದ್), ದೀಪಾವಳಿ, ಸಿಂಗಾಪುರದ ಜೂನ್ ಮತ್ತು ಡಿಸೆಂಬರ್ ಶಾಲೆ ರಜೆಗಳಲ್ಲಿ ಟಿಕೆಟ್ ಬೆಲೆ ಏರುತ್ತದೆ. ದೀಪಾವಳಿಗೆ ಎರಡೂ ದೇಶಗಳಲ್ಲಿ ರಜೆ ಇದೆ, ಊರಿಂದ ಬರುವವರಿಗೆ ಇದು ಹೊಳೆಯುವುದೇ ಇಲ್ಲ.

ಬೆಂಗಳೂರಿಂದ ಬರುವವರು ಟಿಕೆಟ್ ಹೇಗೆ ಮಾಡಿಸಬೇಕು?

ಸಿಂಗಾಪುರಕ್ಕೆ ಬಂದು, ಕೌಲಾಲಂಪುರಕ್ಕೆ ಹೋಗಿ, ಮತ್ತೆ ಸಿಂಗಾಪುರಕ್ಕೆ ವಾಪಸ್ ಬಂದು ಊರಿಗೆ ಹೋಗುವುದು, ಇದು ಎಲ್ಲರೂ ಮಾಡುವ ತಪ್ಪು. ಬೆಂಗಳೂರಿಂದ ಎರಡೂ ಊರಿಗೆ ನೇರ ವಿಮಾನ ಇದೆ. ಕೌಲಾಲಂಪುರಕ್ಕೆ ಸುಮಾರು 2,900 ಕಿ.ಮೀ., ನಾಲ್ಕು ಗಂಟೆ ಚಿಲ್ಲರೆ. ಸಿಂಗಾಪುರಕ್ಕೆ ಸುಮಾರು 3,200 ಕಿ.ಮೀ., ನಾಲ್ಕೂವರೆ ಗಂಟೆ. ಬರುವಾಗ ಒಂದು ಊರಿಗೆ ಬನ್ನಿ, ಹೋಗುವಾಗ ಇನ್ನೊಂದು ಊರಿಂದ ಹೊರಡಿ. ನಡುವಿನ ದಾರಿ ಒಂದೇ ಸಲ ಸವೆಸಿದರೆ ಸಾಕು, ನಿಮ್ಮ ರಜೆಯಲ್ಲಿ ಅರ್ಧ ದಿನ ಉಳಿಯುತ್ತದೆ.

ಬೇರೆ ಬೇರೆ ಕಂಪನಿಯ ಎರಡು ಟಿಕೆಟ್ ಜೋಡಿಸಿಕೊಂಡು ಅದೇ ದಿನ ಮುಂದಿನ ವಿಮಾನ ಹಿಡಿಯುವವರು ಕನಿಷ್ಠ ನಾಲ್ಕು ಗಂಟೆ ಅಂತರ ಇಡಿ. ಮೊದಲನೆಯದು ತಡವಾದರೆ ಎರಡನೆಯವರಿಗೆ ಅದು ಸಂಬಂಧ ಇಲ್ಲ.

ವೀಸಾ ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸಿಂಗಾಪುರಕ್ಕೆ ಬೇಕು, ಮೊದಲೇ ಮಾಡಿಸಬೇಕು. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ 30 ದಿನದವರೆಗೆ ವೀಸಾ ಬೇಡ, ಈ ಸೌಲಭ್ಯ 2026ರ ಕೊನೆಯ ತನಕ ಅಂತ ಹೇಳಿದ್ದಾರೆ. ಎರಡೂ ದೇಶಕ್ಕೆ ಬರುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನ ಕಾರ್ಡ್ ತುಂಬಬೇಕು. ಎರಡೂ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅಲ್ಲಿಂದ ಹೊರಗೆ ಬನ್ನಿ, ಅದು ಸರ್ಕಾರದ್ದಲ್ಲ.

ಒಂದು ಎಚ್ಚರ. ಸಿಂಗಾಪುರ ನೋಡಿ, ಮಲೇಷ್ಯಾಕ್ಕೆ ಹೋಗಿ, ಮತ್ತೆ ಸಿಂಗಾಪುರಕ್ಕೆ ಬರುವವರು ನಿಮ್ಮ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇದೆಯಾ ಅಂತ ಓದಿ ನೋಡಿ. ಒಂದೇ ಸಲ ಅಂತ ಇದ್ದರೆ ವಾಪಸ್ ಬರುವಾಗ ವಿಮಾನ ಹತ್ತಲೂ ಬಿಡುವುದಿಲ್ಲ.

ಸಾಮಾನಿನಲ್ಲಿ ಏನು ಜಾಗ್ರತೆ?

ಕಡಿಮೆ ದರದ ವಿಮಾನಗಳಲ್ಲಿ ಕೈಚೀಲದ ತೂಕ ನಿಜವಾಗಿಯೂ ನೋಡುತ್ತಾರೆ. ಏರ್‌ಏಷ್ಯಾದಲ್ಲಿ ಎರಡು ಚೀಲ ಸೇರಿ 7 ಕೆ.ಜಿ., ಸ್ಕೂಟ್‌ನಲ್ಲಿ 10 ಕೆ.ಜಿ. ಕೌಂಟರಿನಲ್ಲಿ ಕೊಡುವ ದಂಡಕ್ಕಿಂತ ಆನ್‌ಲೈನಿನಲ್ಲಿ ಮೊದಲೇ ಬ್ಯಾಗ್ ಸೇರಿಸಿದರೆ ತುಂಬಾ ಕಡಿಮೆ.

ನಮ್ಮವರು ಮುಖ್ಯವಾಗಿ ತಿಳಿಯಬೇಕಾದದ್ದು ಗಸಗಸೆ. ಪಾಯಸಕ್ಕೆ, ಸಾಗುಗೆ ಅಂತ ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣ ಸಿಂಗಾಪುರದಲ್ಲಿ ನಿಷೇಧಿತ ವಸ್ತು, ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತದೆ. ದಯವಿಟ್ಟು ತರಬೇಡಿ. ಹೊರಡುವ ಮುನ್ನ ಅಡುಗೆ ಸಾಮಾನಿನ ಚೀಲ ಒಮ್ಮೆ ಬಿಚ್ಚಿ ನೋಡಿ, ಮನೆಯವರು ಹೇಳದೆ ಇಟ್ಟಿರುತ್ತಾರೆ. ವೇಪ್ (ಇ-ಸಿಗರೇಟ್) ಕೂಡ ಸಿಂಗಾಪುರದಲ್ಲಿ ನಿಷೇಧ. ಮಲೇಷ್ಯಾದಿಂದ ಸಿಂಗಾಪುರಕ್ಕೆ ಬರುವವರಿಗೆ ಮದ್ಯದ ಮೇಲೆ ಸುಂಕ ವಿನಾಯಿತಿ ಇಲ್ಲ, ಬಾಟಲಿ ತಂದರೆ ತೆರಿಗೆ ಕಟ್ಟಬೇಕು.

ಕಿಟಕಿ ಸೀಟು ಯಾವ ಕಡೆ ತೆಗೆದುಕೊಳ್ಳಲಿ?

ಸಿಂಗಾಪುರದಿಂದ ಹೋಗುವಾಗ ಎಡಗಡೆ, ವಾಪಸ್ ಬರುವಾಗ ಬಲಗಡೆ. ಎರಡು ಸಲವೂ ಮಲಕ್ಕಾ ಜಲಸಂಧಿ ನಿಮ್ಮ ಪಕ್ಕ ಇರುತ್ತದೆ. ಕೆಳಗೆ ಹಾರುವುದರಿಂದ ಹಡಗುಗಳು ಚೆನ್ನಾಗಿ ಕಾಣುತ್ತವೆ. ಒಂದರ ಹಿಂದೆ ಒಂದು ಸಾಲಾಗಿ, ಪ್ರತಿಯೊಂದರ ಹಿಂದೆಯೂ ಬಿಳಿ ಗೆರೆ. ಬೆಳಗಿನ ವಿಮಾನದಲ್ಲಿ ಹೋಗುವಾಗ ಸೂರ್ಯ ಬಲಗಡೆ ಇರುತ್ತಾನೆ, ಹಾಗಾಗಿ ಎಡಗಡೆ ಕಣ್ಣಿಗೆ ಚುಚ್ಚುವುದಿಲ್ಲ. ಇಳಿಯುವ ಮುಂಚಿನ ಐದು ನಿಮಿಷ ಎಣ್ಣೆತಾಳೆ ತೋಟಗಳ ಮೇಲೇ ಹೋಗುತ್ತೀರಿ, ಮರದ ತಲೆಗಳು ಒಂದೊಂದಾಗಿ ನಕ್ಷತ್ರದ ಹಾಗೆ ಬಿಡಿಸಿಕೊಂಡು ಕಾಣುತ್ತವೆ. ಅಮ್ಮ ಮೊದಲ ಸಲ ನೋಡಿದಾಗ ನಮ್ಮೂರಿನ ಅಡಿಕೆ ತೋಟವನ್ನು ಮೇಲಿಂದ ನೋಡಿದರೂ ಹೀಗೇ ಕಾಣುತ್ತದಾ ಅಂತ ಕೇಳಿದರು, ಚಕ್ರ ನೆಲಕ್ಕೆ ತಾಗುವ ತನಕ ಕಿಟಕಿಯಿಂದ ಮುಖ ತೆಗೆಯಲಿಲ್ಲ.